ಹೆಚ್ಚು ಮತ ಪಡೆದವರು ಸೋತ ಚುನಾವಣೆ

1983ರ ಜನವರಿ 5ರಂದು ಕರ್ನಾಟಕ ಮತ ಹಾಕಿತು. ಎಣಿಕೆ ಮುಗಿದಾಗ ಕಾಂಗ್ರೆಸ್ಸಿಗೆ ಶೇ 40.4ರಷ್ಟು ಮತ ಬಿದ್ದಿತ್ತು, ಜನತಾ ಪಕ್ಷಕ್ಕೆ ಶೇ 33. ಸ್ಥಾನಗಳ ಲೆಕ್ಕ ಮಾತ್ರ ತಿರುವುಮುರುವು: 224ರಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82. ಮುಖ್ಯಮಂತ್ರಿ ಆರ್. ಗುಂಡೂರಾವ್ ಸ್ವಂತ ಕ್ಷೇತ್ರ ಸೋಮವಾರಪೇಟೆಯಲ್ಲೇ ಸೋತರು. ಜನವರಿ 10ರಂದು ರಾಮಕೃಷ್ಣ ಹೆಗಡೆ ಪ್ರಮಾಣವಚನ ಸ್ವೀಕರಿಸಿದರು. ಅಲ್ಲಿಯವರೆಗೆ ಒಂದಲ್ಲ ಒಂದು ಕಾಂಗ್ರೆಸ್ಸಿನ ಆಡಳಿತವನ್ನೇ ಕಂಡಿದ್ದ ರಾಜ್ಯದಲ್ಲಿ ಅದು ಮೊದಲ ಕಾಂಗ್ರೆಸ್ಸೇತರ ಸರ್ಕಾರ.

ಅದೇ ದಿನ ಪಕ್ಕದ ಆಂಧ್ರದಲ್ಲೂ ಮತದಾನ ನಡೆದಿತ್ತು. ಅಲ್ಲಿ ಎನ್.ಟಿ. ರಾಮರಾವ್ ಕಟ್ಟಿ ಇನ್ನೂ ವರ್ಷ ತುಂಬದ ತೆಲುಗು ದೇಶಂ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ಅದಕ್ಕೆ ಕಾರಣ ಹುಡುಕಲು ಯಾರೂ ದೂರ ಹೋಗಬೇಕಿರಲಿಲ್ಲ. ಮನೆಮನೆಗೂ ಗೊತ್ತಿದ್ದ ಮುಖವೊಂದು ವ್ಯಾನಿನ ಮೇಲೆ ನಿಂತು ಊರೂರು ಸುತ್ತಿತ್ತು. ಕರ್ನಾಟಕದ ಜನತಾ ಪಕ್ಷಕ್ಕೆ ಅಂಥ ಮುಖ ಇರಲಿಲ್ಲ. ಮುಖ್ಯಮಂತ್ರಿ ಯಾರಾಗಬೇಕೆಂಬುದು ಕೂಡ ಫಲಿತಾಂಶ ಬಂದ ಮೇಲೆಯೇ ತೀರ್ಮಾನವಾಯಿತು. ಎಸ್. ಬಂಗಾರಪ್ಪ, ಎಚ್.ಡಿ. ದೇವೇಗೌಡ, ಎಸ್.ಆರ್. ಬೊಮ್ಮಾಯಿ ಇವರ ನಡುವೆ ಒಮ್ಮತ ಮೂಡದೆ, ವಿಧಾನಸಭೆಗೆ ಸ್ಪರ್ಧಿಸಿಯೇ ಇರದಿದ್ದ ಹೆಗಡೆಯವರನ್ನು ಕರೆತಂದು ಕೂರಿಸಿದರು. ಆಮೇಲೆ ಅವರು ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. ನಾಯಕನಿಲ್ಲದೆ, ಹೆಚ್ಚು ಮತವೂ ಇಲ್ಲದೆ ಒಂದು ಪಕ್ಷ ಅಧಿಕಾರ ಹಿಡಿದದ್ದು ಹೇಗೆ? ನಲವತ್ತು ವರ್ಷಗಳಿಂದ ರಾಜ್ಯದ ರಾಜಕಾರಣ ಸುತ್ತುತ್ತಿರುವುದು ಇದೇ ಪ್ರಶ್ನೆಯ ಸುತ್ತ ಎಂದು ನನಗನಿಸುತ್ತದೆ.

ಕಥೆ ಶುರುವಾಗುವುದು ಡಿ. ದೇವರಾಜ ಅರಸು ಅವರಿಂದ. 1972ರಲ್ಲಿ ಮುಖ್ಯಮಂತ್ರಿಯಾದ ಅರಸು, ಅಲ್ಲಿಯವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದಿದ್ದ ಸಣ್ಣ ಸಣ್ಣ ಸಮುದಾಯಗಳವರನ್ನು ಹುಡುಕಿ ಟಿಕೆಟ್ ಕೊಟ್ಟರು. ಹಿಂದುಳಿದ ವರ್ಗಗಳನ್ನು ಗುರುತಿಸಲು ಹಾವನೂರು ಆಯೋಗ ನೇಮಿಸಿದರು. 1974ರ ಭೂಸುಧಾರಣೆಯಿಂದ ಗೇಣಿದಾರ ಹೊಲದ ಒಡೆಯನಾದ. ತುರ್ತುಪರಿಸ್ಥಿತಿಯ ನಂತರ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ 1977ರಲ್ಲೂ ಇಲ್ಲಿ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದದ್ದು ಈ ಬಲದಿಂದ. 1978ರ ವಿಧಾನಸಭೆಯಲ್ಲಿ ಇಂದಿರಾ ಕಾಂಗ್ರೆಸ್ 149 ಗೆದ್ದಿತು.

ಮರುವರ್ಷವೇ ಇಂದಿರಾ ಗಾಂಧಿಗೂ ಅರಸುಗೂ ಬಿರುಕು ಬಿತ್ತು, ಅರಸು ಉಚ್ಚಾಟನೆಗೊಂಡರು. ಮತ ಯಾರದ್ದು, ಅರಸುವಿನದೋ ಇಂದಿರೆಯದೋ? 1980ರ ಜನವರಿಯ ಲೋಕಸಭಾ ಚುನಾವಣೆ ಕಠೋರವಾಗಿ ಉತ್ತರಿಸಿತು. 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ. ಅರಸು ಬಣಕ್ಕೆ ಒಂದೂ ಇಲ್ಲ. ಅದುವರೆಗೆ ಅವರ ಸುತ್ತ ಇದ್ದ ಶಾಸಕರು ಸಾಲುಸಾಲಾಗಿ ಆಚೆ ದಾಟಿದರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಸುಮಾರು ಎಂಟು ವರ್ಷ ರಾಜ್ಯವಾಳಿದ, ಅಷ್ಟೊಂದು ಜನರ ಬದುಕು ಬದಲಿಸಿದ ನಾಯಕ ಹೀಗೆ ಒಂಟಿಯಾದದ್ದನ್ನು ನೆನೆದರೆ ಈಗಲೂ ನೋವಾಗುತ್ತದೆ. ಅರಸು ಕ್ರಾಂತಿರಂಗ ಕಟ್ಟಿದರು. ಅದು ಬೇರು ಬಿಡುವ ಮುನ್ನವೇ, 1982ರ ಜೂನ್‌ನಲ್ಲಿ ತೀರಿಕೊಂಡರು.

ಇಷ್ಟು ಹೊತ್ತಿಗೆ ಪಕ್ಷಗಳ ಕೈಯಲ್ಲಿಲ್ಲದ ಬೇರೆಯದೇ ಒಂದು ಶಕ್ತಿ ಊರುಗಳಲ್ಲಿ ಎದ್ದಿತ್ತು.

ಮಲಪ್ರಭಾ ಅಚ್ಚುಕಟ್ಟಿನ ಎರೆಭೂಮಿಯನ್ನೇ ನೋಡಿ. ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ಬಂತು. ಜೋಳ, ಕಡಲೆ ಬೆಳೆಯುತ್ತಿದ್ದ ರೈತರು ಸಾಲ ಮಾಡಿ ವರಲಕ್ಷ್ಮಿ ಹತ್ತಿ ಹಾಕಿದರು. ಮೊದಲು ಕೈತುಂಬ ಬೆಲೆ ಸಿಕ್ಕಿತು, ಬಳಿಕ ಕುಸಿಯಿತು. ಕೆಲವು ಹೊಲಗಳಿಗೆ ನೀರು ತಲುಪಲೇ ಇಲ್ಲ. ತಲುಪಿದ ಕೆಲವು ಕಡೆ ಕಪ್ಪು ಮಣ್ಣಿನಲ್ಲಿ ನೀರು ನಿಂತು ಜೌಗಾಗಿ ಸವುಳು ಮೇಲೆದ್ದಿತು. ಅಂಥ ಹೊಲಕ್ಕೂ ಸರ್ಕಾರ ನೀರಿನ ಕರದ ಜತೆಗೆ ಅಭಿವೃದ್ಧಿ ಕರ ಕೇಳಿತು. ನೀರಾವರಿಯಿಂದ ಜಮೀನಿನ ಬೆಲೆ ಏರಿದೆ, ಆ ಏರಿಕೆಯಲ್ಲಿ ಪಾಲು ಕೊಡಿ ಎಂಬುದು ಅದರ ವಾದ. ಬೆಳೆ ಕೈಗೆ ಹತ್ತದವನಿಗೆ ಬಾಕಿ ವಸೂಲಿಯ ನೋಟಿಸು ಬಂತು. ರೈತರು ಕಟ್ಟುವುದಿಲ್ಲವೆಂದು ಕುಳಿತರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ತಹಶೀಲ್ದಾರ್ ಕಚೇರಿಯ ಮುಂದಿನ ಪ್ರತಿಭಟನೆ ಘರ್ಷಣೆಗೆ ತಿರುಗಿತು. ಪೊಲೀಸರ ಗುಂಡಿಗೆ ರೈತರು ಬಲಿಯಾದರು, ಗಲಭೆಯಲ್ಲಿ ಪೊಲೀಸರೂ ಸತ್ತರು. ಆ ಭಾಗದಲ್ಲಿ ಜುಲೈ 21 ಇಂದಿಗೂ ರೈತ ಹುತಾತ್ಮರ ದಿನ. 1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ರೈತರ ಕಾಲ್ನಡಿಗೆ ಜಾಥಾ ಹೊರಟಿತು. ಅತ್ತ ಶಿವಮೊಗ್ಗದ ಕಡೆ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮತ್ತು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರಾಜ್ಯ ರೈತ ಸಂಘ ಬೆಳೆಯಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದೆಂಬ ಬೋರ್ಡುಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು.

ಅದರ ಬೆನ್ನಿಗೇ ಭಾಷೆಯ ಚಳವಳಿ. ವಿ.ಕೃ. ಗೋಕಾಕ ಸಮಿತಿ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟಿತು. ಸರ್ಕಾರ ಮೀನಮೇಷ ಎಣಿಸಿತು. ಧಾರವಾಡದಲ್ಲಿ ಸಾಹಿತಿಗಳು ಹಚ್ಚಿದ ಕಿಡಿಗೆ 1982ರಲ್ಲಿ ಡಾ. ರಾಜ್‌ಕುಮಾರ್ ಬಂದು ಸೇರಿಕೊಂಡರು. ರಾಜ್ ಯಾವ ಪಕ್ಷಕ್ಕೂ ಮತ ಕೇಳಿದವರಲ್ಲ. ಆದರೂ ಅವರ ಸಭೆಗಳಿಗೆ ಸೇರಿದ ಜನಸಾಗರ, ಈ ಸರ್ಕಾರ ನಮ್ಮ ಮಾತು ಕೇಳುವುದಿಲ್ಲ ಎಂಬ ಭಾವನೆಯೊಂದನ್ನು ಹೊತ್ತು ಮನೆಗೆ ಮರಳುತ್ತಿತ್ತು.

ಜನತಾ ಪಕ್ಷ ಈ ಚಳವಳಿಗಳಲ್ಲಿ ಯಾವುದನ್ನೂ ಹುಟ್ಟುಹಾಕಲಿಲ್ಲ. ಅದು ಮಾಡಿದ ಒಂದು ಕೆಲಸವೆಂದರೆ ಅರಸು ಬಿಟ್ಟುಹೋದ ಕ್ರಾಂತಿರಂಗದ ಜತೆ ಕೈಜೋಡಿಸಿದ್ದು. ಹಿಂದುಳಿದ ವರ್ಗಗಳ ನಾಯಕರಾಗಿ ಬೆಳೆದಿದ್ದ ಬಂಗಾರಪ್ಪ ಒಂದು ಕಡೆ. ಅರಸು ಕಾಲದಲ್ಲಿ ಬದಿಗೆ ಸರಿದಿದ್ದೆವೆಂದು ಕುದಿಯುತ್ತಿದ್ದ ಒಕ್ಕಲಿಗ, ಲಿಂಗಾಯತ ನಾಯಕರು ಇನ್ನೊಂದು ಕಡೆ. ಬದ್ಧ ವಿರೋಧಿಗಳಾಗಿದ್ದವರು ಚಕ್ರದೊಳಗೆ ನೇಗಿಲು ಹೊತ್ತ ರೈತನ ಗುರುತಿನಡಿ ಒಂದಾದರು. ಇವರು ಬೇರೆಬೇರೆಯಾಗಿ ನಿಂತಿದ್ದರೆ ಅದೇ ಸಿಟ್ಟು ಎರಡು ಹೋಳಾಗಿ ಕಾಂಗ್ರೆಸ್ಸನ್ನು ಮತ್ತೆ ಗೆಲ್ಲಿಸುತ್ತಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಆ ಶೇಕಡಾವಾರು ಲೆಕ್ಕ. ಕಾಂಗ್ರೆಸ್ಸಿನ ಮತ ರಾಜ್ಯದ ಉದ್ದಗಲಕ್ಕೂ ಇತ್ತು, ಪ್ರತಿ ತಾಲ್ಲೂಕಿನಲ್ಲೂ ಇತ್ತು. ಅದಕ್ಕೆ ಪ್ರತಿ ತಾಲ್ಲೂಕಿನಲ್ಲೂ ಒಬ್ಬ ಎದುರಾಳಿಯೂ ಇದ್ದ, ಆದರೆ ಎಲ್ಲ ಕಡೆ ಅವನೇ ಅಲ್ಲ. ಹಳೆ ಮೈಸೂರಿನಲ್ಲಿ ಜನತಾ. ಕರಾವಳಿಯಲ್ಲಿ, ಮಲೆನಾಡಿನ ಕೆಲವೆಡೆ ಬಿಜೆಪಿ. ರಾಜ್ಯದಲ್ಲಿ ಶೇ 8ರಷ್ಟು ಮತವಷ್ಟೇ ಇದ್ದ ಅದು 18 ಕಡೆ ಗೆದ್ದಿತು. ಬಿ.ಎಸ್. ಯಡಿಯೂರಪ್ಪ ಶಿಕಾರಿಪುರದಿಂದ ಮೊದಲ ಸಲ ವಿಧಾನಸಭೆಗೆ ಬಂದದ್ದು ಆಗಲೇ. ಕಮ್ಯುನಿಸ್ಟರ ಎರಡೂ ಪಕ್ಷಗಳಿಗೆ ಮೂರು ಮೂರು. ಪಕ್ಷೇತರರೇ 22 ಮಂದಿ. ಕಾಂಗ್ರೆಸ್ ಒಂದೊಂದು ಕಡೆ ಒಬ್ಬೊಬ್ಬನ ಹಿಂದೆ ಎರಡನೆಯದಾಗಿ ನಿಂತಿತು. ಎರಡನೆಯ ಸ್ಥಾನಕ್ಕೆ ಬಿದ್ದ ಸಾವಿರಾರು ಮತ ರಾಜ್ಯದ ಮೊತ್ತಕ್ಕೆ ಸೇರುತ್ತದೆ, ಸದನದಲ್ಲಿ ಒಂದು ಕುರ್ಚಿಯನ್ನೂ ಕೊಡುವುದಿಲ್ಲ.

ಇದು ಆಕಸ್ಮಿಕವಾಗಿದ್ದರೆ ಮರೆತುಬಿಡಬಹುದಿತ್ತು. 2004ರಲ್ಲಿ ಶೇ 35ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 65 ಸ್ಥಾನ, ಶೇ 28ರಷ್ಟು ಪಡೆದ ಬಿಜೆಪಿಗೆ 79. 2008ರಲ್ಲಿ ಕಾಂಗ್ರೆಸ್ಸೇ ಕೂದಲೆಳೆಯಷ್ಟು ಮುಂದೆ, ಆದರೆ ಬಿಜೆಪಿಗೆ 110, ಕಾಂಗ್ರೆಸ್ಸಿಗೆ 80. 2018ರಲ್ಲೂ ಹೆಚ್ಚು ಮತ ಕಾಂಗ್ರೆಸ್ಸಿಗೆ, ಹೆಚ್ಚು ಸ್ಥಾನ ಬಿಜೆಪಿಗೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಬೇಕಾದ ಪಕ್ಷಕ್ಕಿಂತ, ನೂರಿಪ್ಪತ್ತು ಕ್ಷೇತ್ರಗಳಲ್ಲಿ ಬೇರೂರಿದ ಪಕ್ಷ ನಮ್ಮ ವ್ಯವಸ್ಥೆಯಲ್ಲಿ ಬಲಶಾಲಿ. ಕ್ಷೇತ್ರದಲ್ಲಿ ಬೇರೂರುವುದೆಂದರೆ ಪೊಲೀಸ್ ಠಾಣೆಗೆ, ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ ಜತೆಗೆ ಬರುವ ಮನುಷ್ಯನೊಬ್ಬ ಪ್ರತಿ ಹೋಬಳಿಯಲ್ಲೂ ಇರುವುದು.

ಜನತಾ ಪಕ್ಷಕ್ಕೆ 1983ರಲ್ಲಿ ಅಂಥವರು ಎಲ್ಲೆಡೆ ಇರಲಿಲ್ಲ. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಕೊಟ್ಟ ಬೆಂಬಲದ ಮೇಲೆ ಸರ್ಕಾರ ನಿಂತಿತ್ತು. ಮುಖ್ಯಮಂತ್ರಿ ಪದವಿ ತಪ್ಪಿದ ಬಂಗಾರಪ್ಪ ಬೇಗ ದೂರವಾದರು. ಬರಗಾಲ ಬೇರೆ. ಆ ಸ್ಥಿತಿಯಲ್ಲಿ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್‌ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಹೆಂಗಸರು ಬೀದಿಯ ಕೊನೆಯಲ್ಲೇ ಕೈಪಂಪು ಒತ್ತುವಂತಾಯಿತು. ಜನ ಅವರನ್ನು ನೀರ್‌ಸಾಬ್ ಎಂದೇ ಕರೆದರು. 1984ರ ಡಿಸೆಂಬರ್‌ನಲ್ಲಿ, ಇಂದಿರಾ ಹತ್ಯೆಯ ನಂತರದ ಲೋಕಸಭಾ ಚುನಾವಣೆಯಲ್ಲಿ, ಕಾಂಗ್ರೆಸ್ 28ರಲ್ಲಿ 24 ಗೆದ್ದಾಗ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಈ ಸಲ ಮತದಲ್ಲೂ ಅದೇ ಮುಂದೆ, ಶೇ 43ಕ್ಕೂ ಹೆಚ್ಚು. ದೆಹಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು ಎಂದು ವಿಂಗಡಿಸಿ ಮತ ಹಾಕಿದ ಈ ರಾಜ್ಯದ ಜನರ ಬಗ್ಗೆ ನನಗೆ ಅಪಾರ ಗೌರವ.

ಪಕ್ಷಕ್ಕೆ ನಿಜವಾದ ಬೇರು ಬಿಡುವ ಅವಕಾಶ ಬಂದದ್ದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು 50,000ಕ್ಕೂ ಹೆಚ್ಚು ಜನ ಸದಸ್ಯರಾದರು, ಕಾಲು ಭಾಗ ಮಹಿಳೆಯರಿಗೆ ಮೀಸಲು. ಶಾಲೆ ಕಟ್ಟಡ, ಮೇಷ್ಟ್ರ ಹಾಜರಿ, ರಸ್ತೆ, ಕೆರೆ ಎಲ್ಲವೂ ಅವರ ಮುಂದೆ ಬಂತು. ಕೂಲಿ ಮಾಡುತ್ತಿದ್ದವರು ಕಡತ ಓದಿಸಿಕೊಂಡು ಪ್ರಶ್ನೆ ಕೇಳುವುದನ್ನು ಕಲಿತರು. ನಾಯಕರ ಅಲೆ ಇಳಿದಾಗಲೂ ಪಕ್ಷವನ್ನು ಹೊತ್ತು ನಿಲ್ಲಬಲ್ಲವರು ಇವರೇ ಆಗಿದ್ದರು.

ಮೇಲಿನವರ ಜಗಳ ಅದಕ್ಕೆ ಕಾಲ ಕೊಡಲಿಲ್ಲ. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ 1988ರ ಆಗಸ್ಟ್‌ನಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ಕೇಂದ್ರ ವಜಾ ಮಾಡಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಡುವಷ್ಟರಲ್ಲಿ 1994 ಬಂದಿತ್ತು. ಹೆಗಡೆ ಮತ್ತು ದೇವೇಗೌಡರ ಬಣಗಳು ಬೇರೆಬೇರೆಯಾಗಿ ನಿಂತ 1989ರ ಚುನಾವಣೆಯಲ್ಲಿ ಕಾಂಗ್ರೆಸ್ 178 ಗೆದ್ದಿತು, ಜನತಾ ಪಕ್ಷದಿಂದ ರೂಪುಗೊಂಡಿದ್ದ ಜನತಾದಳ 24ಕ್ಕೆ ಇಳಿಯಿತು. ಮತ್ತೆ ಒಂದಾದ ಜನತಾದಳ 1994ರಲ್ಲಿ 115 ಸ್ಥಾನದೊಂದಿಗೆ ಮರಳಿತು. ಐದು ವರ್ಷ ತುಂಬುವಷ್ಟರಲ್ಲಿ ಮತ್ತೆ ಎರಡಾಯಿತು. 1983ರಲ್ಲಿ ಗೆಲ್ಲಿಸಿದ್ದೂ ಒಗ್ಗಟ್ಟು, ಆಮೇಲೆ ಪ್ರತಿ ಸಲ ಸೋಲಿಸಿದ್ದೂ ಅದರ ಅಭಾವ. ಇಷ್ಟು ಕಣ್ಣಿಗೆ ರಾಚುವ ಪಾಠವನ್ನು ಅಷ್ಟು ಬುದ್ಧಿವಂತ ನಾಯಕರು ಕಡೆಗಣಿಸಿದ್ದು ರಾಜ್ಯಕ್ಕಾದ ನಷ್ಟ.

ಪಕ್ಷ ಬೆಳೆಸಿದ ಜನರು ಮಾತ್ರ ರಾಜಕಾರಣ ಬಿಟ್ಟು ಹೋಗಲಿಲ್ಲ. ಜನತಾ ಗರಡಿಯಲ್ಲಿ ಪಳಗಿದ ತಾಲ್ಲೂಕು ಮಟ್ಟದ ಮುಖಂಡರು ಕೆಲವರು ಕಾಂಗ್ರೆಸ್ಸಿಗೆ, ಕೆಲವರು ಬಿಜೆಪಿಗೆ, ಉಳಿದವರು ದಳದ ಹೋಳಾದ ಜೆಡಿಎಸ್‌ಗೆ ಹಂಚಿಹೋದರು. 2013ರಲ್ಲಿ ಕಾಂಗ್ರೆಸ್ ಸರ್ಕಾರದ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಆ ಮನೆಯಿಂದ ಹೋದವರು, 2021ರಲ್ಲಿ ಬಿಜೆಪಿ ಸರ್ಕಾರದ ಮುಖ್ಯಮಂತ್ರಿಯಾದ ಬಸವರಾಜ ಬೊಮ್ಮಾಯಿಯೂ ಅಲ್ಲಿಂದಲೇ ಹೋದವರು.