ತಾಳಕ್ಕೆ ತಾಳ, ಹೆಜ್ಜೆಗೆ ಹೆಜ್ಜೆ

ಮೂರು ವರ್ಷದ ಮಗು. ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಮಾತು ಬಂದಿಲ್ಲ. ಆಟದ ಗಾಡಿಯ ಚಕ್ರವನ್ನೇ ತಿರುಗಿಸುತ್ತಾ ಕೂರುತ್ತದೆ. ಜೋರು ಸದ್ದಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತದೆ.

"ಗಾಳಿ ಸೋಕಿದೆ" ಅಂತಾರೆ ಕೆಲವರು. "ತಾಯಿ ಸರಿಯಾಗಿ ಸಾಕಲಿಲ್ಲ" ಅಂತಾರೆ ಇನ್ನು ಕೆಲವರು. ಎರಡೂ ಸುಳ್ಳು. ಇದು ಆಟಿಸಂ ಇರಬಹುದು. ಇದನ್ನು ಸ್ವಲೀನತೆ ಎಂದೂ ಬರೆಯುತ್ತಾರೆ. ಇಂಥ ಮಗುವಿನ ಮಿದುಳು ಬೇರೆ ರೀತಿಯಲ್ಲಿ ಬೆಳೆದಿರುತ್ತದೆ. ಇದು ಅಂಟುರೋಗವಲ್ಲ. ತಾಯಿಯ ತಪ್ಪೂ ಅಲ್ಲ. ಇದನ್ನು ವಾಸಿ ಮಾಡುವ ಮಾತ್ರೆ ಇಲ್ಲ. ಆದರೆ ಕಲಿಸಿದರೆ ಮಗು ಕಲಿಯುತ್ತದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಹೇಗೆ ಕಲಿಸುವುದು? ಮಾತಿನ ತರಬೇತಿ ಬೇಕು. ಅದರ ಜೊತೆಗೆ ಕುಣಿತವೂ ನೆರವಾಗುತ್ತದೆ.

ಮಾದಿಹಳ್ಳಿ ಸೀಮೆಯ ನಮಗೆ ಕುಣಿತ ಹೊಸದೇ? ಬೇಲೂರಿನ ಗುಡಿಯಲ್ಲಿ ಮದನಿಕೆಯರನ್ನು ನೋಡಿದ್ದೇವೆ. ಬಾಯಿ ಆಡದಿದ್ದರೂ ಅವರ ಮೈಯೇ ಮಾತಾಡುತ್ತದೆ. ನಮ್ಮ ಕೋಲಾಟವನ್ನೇ ನೋಡಿ. ಕೋಲಿಗೆ ಕೋಲು ತಾಗಬೇಕಾದರೆ ಎದುರಿನವರನ್ನು ನೋಡಬೇಕು. ನಮ್ಮ ಸರದಿಗೆ ಕಾಯಬೇಕು. ಈ ಮಕ್ಕಳಿಗೆ ಕಷ್ಟವಾಗುವುದು ಇವೇ. ತಾಳ ಮತ್ತೆ ಮತ್ತೆ ಒಂದೇ ಥರ ಬರುತ್ತದೆ. ಮುಂದೇನು ಎಂದು ಗೊತ್ತಿರುವುದರಿಂದ ಮಗುವಿಗೆ ಸಮಾಧಾನ.

ದೊಡ್ಡ ಊರುಗಳಲ್ಲಿ ಕುದುರೆ ಸವಾರಿಯನ್ನೂ ಬಳಸುತ್ತಾರೆ. ಕುದುರೆ ನಡೆದಾಗ ಮೇಲೆ ಕೂತ ಮಗುವಿನ ಸೊಂಟ, ತಾನೇ ನಡೆದ ಹಾಗೆ ಅಲುಗುತ್ತದೆ. ಮೈ ನೆಟ್ಟಗೆ ನಿಲ್ಲುವುದನ್ನು ಕಲಿಯುತ್ತದೆ. "ನಡಿ" ಎಂದರೆ ಕುದುರೆ ನಡೆಯುತ್ತದೆ. ಮಾತಿಗೆ ಬೆಲೆ ಇದೆ ಎಂದು ಮಗುವಿಗೆ ತಿಳಿಯುತ್ತದೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ ಪೋಲಿಯೊದಿಂದ ಕಾಲಿನ ಶಕ್ತಿ ಹೋಗಿತ್ತು. ಆಕೆ 1952ರ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿ ಮಾಡಿ ಬೆಳ್ಳಿ ಪದಕ ಗೆದ್ದಳು. ಆಮೇಲೆ ಅಂಗವಿಕಲರಿಗೆ ಸವಾರಿ ಕಲಿಸುವುದು ಹಲವು ದೇಶಗಳಲ್ಲಿ ಹಬ್ಬಿತು. ಆದರೆ ಪಳಗಿದ ಕುದುರೆ, ತಿಳಿದವರು ಇಲ್ಲದೆ ಮಗುವನ್ನು ಕೂರಿಸಬಾರದು.

ಕುದುರೆ ಇಲ್ಲವೆಂದು ಕೊರಗಬೇಡಿ. ಚಪ್ಪಾಳೆ ನಮ್ಮ ಕೈಯಲ್ಲೇ ಇದೆ. ದಿನಾ ಒಂದೇ ಹೊತ್ತಿಗೆ ಮಗುವಿನ ಎದುರು ಕೂತು ಮೆಲ್ಲಗೆ ತಾಳ ಹಾಕಿ. ತಮಟೆಯ ಜೋರು ಸದ್ದು ಬೇಡ. ಒತ್ತಾಯವೂ ಬೇಡ. ಮಗು ಒಂದು ಸಲ ಕೈ ತಟ್ಟಿದರೂ ಅದು ಗೆಲುವೇ.

ಅನುಮಾನ ಬಂದರೆ ಮಂತ್ರವಾದಿಯ ಹತ್ತಿರ ಹೋಗಬೇಡಿ. ಅಂಗನವಾಡಿಗೆ ತಪಾಸಣೆಗೆ ಬರುವ ಡಾಕ್ಟರಿಗೆ ತೋರಿಸಿ. ಹಾಸನದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ. ಶಾಲೆಗೆ ಸೇರುವುದು ಈ ಮಕ್ಕಳ ಹಕ್ಕು.

ಅಕ್ಕಂದಿರೇ, ಇಂಥ ಮಗುವನ್ನು ಕೋಣೆಯಲ್ಲಿ ಮುಚ್ಚಿಡುವುದು ಬೇಡ. ಅದರ ತಾಯಿಯನ್ನು ಒಂಟಿ ಮಾಡುವುದೂ ಬೇಡ. ನಮ್ಮ ಕುಣಿತದಲ್ಲಿ ಇಬ್ಬರಿಗೂ ಜಾಗ ಕೊಡೋಣ.