53-ಎನ್ ನಂಬರಿನ ಸೀಸೆ

1902ರ ಅಕ್ಟೋಬರ್ 30. ಪಂಜಾಬಿನ ಗುಜರಾತ್ ಜಿಲ್ಲೆಯ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಪ್ಲೇಗಿನ ಚುಚ್ಚುಮದ್ದು ಹಾಕುತ್ತಿದ್ದರು. ಈ ಊರು ಈಗ ಪಾಕಿಸ್ತಾನದಲ್ಲಿದೆ. ಒಂದು ಸೀಸೆಯ ಬಿರಡೆ ತೆಗೆಯುವ ಹೊತ್ತಿಗೆ ಕಾಂಪೌಂಡರನ ಕೈಯಲ್ಲಿದ್ದ ಇಕ್ಕಳ ನೆಲಕ್ಕೆ ಬಿತ್ತು. ಆತ ಅದನ್ನು ಎತ್ತಿಕೊಂಡು, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ, ಅದರಿಂದಲೇ ಬಿರಡೆ ಕಿತ್ತ. ಬೆಂಕಿಗೆ ಹಿಡಿದು ಕಾಯಿಸಲಿಲ್ಲ. ಸೀಸೆಯ ನಂಬರು 53-ಎನ್.

ಆ ದಿನ ಐದು ಸೀಸೆಗಳಿಂದ 107 ಜನರಿಗೆ ಚುಚ್ಚಿದ್ದರು. ವಾರ ಕಳೆಯುವುದರೊಳಗೆ ಕೆಲವರಿಗೆ ದವಡೆ ಕಚ್ಚಿಕೊಂಡು ಮೈ ಸೆಟೆಯತೊಡಗಿತು. ಅದು ಪ್ಲೇಗ್ ಅಲ್ಲ, ಧನುರ್ವಾಯು. 53-ಎನ್ ಸೀಸೆಯಿಂದ ಚುಚ್ಚಿಸಿಕೊಂಡಿದ್ದ 19 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಉಳಿದ ನಾಲ್ಕು ಸೀಸೆಗಳ 88 ಜನರಿಗೆ ಏನೂ ಆಗಲಿಲ್ಲ.

ಕೊರೋನಾ ಕಾಲದಲ್ಲಿ ‘ದಿನಕ್ಕೊಂದು ಮಾತು ಹೇಳ್ತಾರೆ, ಯಾರನ್ನ ನಂಬೋದು?’ ಎಂದು ಗೊಣಗದ ಮನೆಯಿಲ್ಲ. ಆ ಗೊಣಗಾಟದ ಬೇರು ಹುಡುಕುತ್ತ ಹೋದರೆ ಈ ಸೀಸೆ ಸಿಗುತ್ತದೆ. ಅದರ ಕಥೆಗೆ ನಮ್ಮ ಹುಬ್ಬಳ್ಳಿಯೂ ಸೇರಿಕೊಂಡಿದೆ.

ಮುಂಬಯಿಗೆ ಪ್ಲೇಗ್ ಬಂದದ್ದು 1896ರಲ್ಲಿ. ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಆಗಲೇ ಭಾರತದಲ್ಲಿ ಕಾಲರಾ ಲಸಿಕೆಯ ಕೆಲಸದಲ್ಲಿದ್ದರು. ಸರಕಾರ ಅವರನ್ನು ಮುಂಬಯಿಗೆ ಕರೆಸಿ, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರನ್ನು ಕೊಟ್ಟಿತು. ಅಷ್ಟರಲ್ಲೇ ಅವರು ಪ್ಲೇಗಿನ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಮೊದಲು ಚುಚ್ಚಿಕೊಂಡದ್ದು ತಮಗೇ.

ಹಾಫ್‌ಕಿನ್ ರೋಗಾಣು ಬೆಳೆಸುತ್ತಿದ್ದ ಬಗೆ ಕೇಳಿದರೆ ಅಡುಗೆಮನೆಯ ವಾಸನೆ ಬರುತ್ತದೆ. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ಆ ಹನಿಗಳಿಗೆ ಜೋತುಬಿದ್ದು ರೋಗಾಣುಗಳು ಎಳೆಎಳೆಯಾಗಿ ಕೆಳಕ್ಕೆ ಇಳಿಯುತ್ತಿದ್ದವು. ಸಾರಿಗೆ ದನದ ಮಾಂಸವನ್ನೂ ಹಂದಿಯದನ್ನೂ ಮುಟ್ಟದೆ ಆಡಿನ ಮಾಂಸ ಬಳಸಿದರು. ಯಾರಿಗೆ ಚುಚ್ಚಬೇಕು, ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿದವರ ಕೆಲಸ ಅದು. ಬೆಳೆದ ರೋಗಾಣುಗಳನ್ನು ಕಾಯಿಸಿ ಕೊಂದು, ಮೇಲೆ ಒಂದಿಷ್ಟು ಕಾರ್ಬಾಲಿಕ್ ಆಮ್ಲ ಸೇರಿಸಿ ಸೀಸೆಗೆ ತುಂಬುತ್ತಿದ್ದರು.

ಸರಕಾರಕ್ಕೆ ಆ ಸೂಕ್ಷ್ಮ ಇರಲಿಲ್ಲ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ನಮ್ಮ ಮೇಲೆ ಹೇರಿದ್ದೂ ಅದನ್ನೇ. ಮನೆಗೆ ನುಗ್ಗಿ ತಪಾಸಣೆ, ರೋಗಿಯನ್ನು ಎಳೆದೊಯ್ಯುವುದು, ಗೋಡೆ ನೆಲಕ್ಕೆಲ್ಲ ಕಾರ್ಬಾಲಿಕ್ ಸುರಿಯುವುದು ಎಲ್ಲವೂ ಕಾನೂನಾಯಿತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯಾದ. 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ದೊಂಬಿಯೇ ಎದ್ದಿತು.

ಅಷ್ಟೆಲ್ಲ ಸುರಿದ ಕಾರ್ಬಾಲಿಕ್ ಬಹುಮಟ್ಟಿಗೆ ದಂಡ. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ಫ್ರಾನ್ಸಿನ ಪಾಲ್ ಲೂಯಿ ಸಿಮೋನ್ 1898ರಲ್ಲೇ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಬ್ರಿಟಿಷರ ಪ್ಲೇಗ್ ಆಯೋಗ ಅದನ್ನು ತಳ್ಳಿಹಾಕಿತು. ಮತ್ತೊಂದು ಆಯೋಗ ಮುಂಬಯಿಯ ಪರೇಲಿನಲ್ಲಿ ಕೂತು ಅವರ ಮಾತೇ ಸರಿ ಎನ್ನುವ ಹೊತ್ತಿಗೆ ಎಂಟು ಹತ್ತು ವರ್ಷ ಕಳೆದಿತ್ತು. ಚಿಗಟದ ವಿಷಯ ನಮ್ಮ ಹಳ್ಳಿಯವರಿಗೂ ಗೊತ್ತಿರಲಿಲ್ಲ. ಆದರೆ ‘ಇಲಿ ಬಿತ್ತು’ ಅಂದ ಕೂಡಲೇ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂದು ಗೊತ್ತಿತ್ತು. ಕಡೆಗೆ ಸರಕಾರದ ಸಲಹೆಯೂ ಅಲ್ಲಿಗೇ ಬಂದು ನಿಂತಿತು. ಜನರ ಮಾತನ್ನು ಮೊದಲೇ ಕೇಳಿದ್ದರೆ ಎಂದು ಇಂದಿಗೂ ಸಿಟ್ಟು ಬರುತ್ತದೆ.

ಹುಬ್ಬಳ್ಳಿಗೆ ಪ್ಲೇಗ್ ಬಿದ್ದದ್ದು ಈ ಗದ್ದಲದ ನಡುವೆಯೇ, 1898ರಲ್ಲಿ. ಆಗ ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಊರು. ಡಾ. ಲ್ಯೂಮನ್ ಮತ್ತು ಡಾ. ಆಲಿಸ್ ಕಾರ್ಥಾರ್ನ್ ಅಲ್ಲಿ ಚುಚ್ಚುಮದ್ದಿನ ಕೆಲಸಕ್ಕೆ ನಿಂತರು. ಗಿರಣಿಯ ಕೂಲಿಗಳು, ರೈಲ್ವೆಯವರು, ಪೇಟೆಯವರು, ಒಬ್ಬರನ್ನು ನೋಡಿ ಇನ್ನೊಬ್ಬರು ಬಂದರು. ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟು ಸಿಗುತ್ತಿತ್ತು, ಕೆಲವು ಕಟ್ಟಳೆಗಳಿಂದ ವಿನಾಯಿತಿಯೂ ಇತ್ತು. ಹೆಚ್ಚುಕಡಿಮೆ 50,000 ಜನರಿದ್ದ ಊರಿನಲ್ಲಿ 35,000ಕ್ಕೂ ಹೆಚ್ಚು ಮಂದಿ ತೋಳು ಚಾಚಿದರು. ಒಂದು ಸಲ ಸಾಲದು, ಎರಡನೆಯದೂ ಬೇಕು ಎಂದಾಗ ಮತ್ತೆ ಬಂದವರೂ ಬಹಳ. ಚುಚ್ಚಿಸಿಕೊಂಡವರಲ್ಲಿ ಸಾವು ಎಷ್ಟೋ ಪಾಲು ಕಡಿಮೆ ಎಂಬುದಕ್ಕೆ ಹುಬ್ಬಳ್ಳಿಯ ಲೆಕ್ಕವೇ ದೊಡ್ಡ ಸಾಕ್ಷಿಯಾಯಿತು. ಲೋಕಕ್ಕೆ ದಾರಿ ತೋರಿಸಿದ ಈ ಸಂಗತಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಇಂಥ ಫಲ ಕಂಡೇ ಪಂಜಾಬ್ ಸರಕಾರ 1902ರಲ್ಲಿ ಲಕ್ಷಗಟ್ಟಲೆ ಜನರಿಗೆ ಚುಚ್ಚುವ ಯೋಜನೆ ಹಾಕಿತು. ಲಸಿಕೆ ತಯಾರಾಗುತ್ತಿದ್ದ ಪರೇಲಿನ ಪ್ರಯೋಗಾಲಯಕ್ಕೆ ಬೇಡಿಕೆ ಪೂರೈಸುವುದೇ ಕಷ್ಟವಾಯಿತು. ಹಾಫ್‌ಕಿನ್ ತಯಾರಿಕೆಯ ವಿಧಾನ ಬದಲಿಸಿದರು. ಸಾರು ತುಪ್ಪದ ಬದಲು ಅಗರ್ ಮೇಲೆ ಬೇಗ ಬೆಳೆಸಿ, ಕಾರ್ಬಾಲಿಕ್ ಬಿಟ್ಟು, ಕಾವಿನ ಮೇಲೆಯೇ ಭರವಸೆ ಇಟ್ಟರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರೂ ಕಾರ್ಬಾಲಿಕ್ ಇಲ್ಲದೆಯೇ ತಯಾರಿಸುತ್ತಿದ್ದರು. ವಿಜ್ಞಾನದ ಲೆಕ್ಕದಲ್ಲಿ ಬದಲಾವಣೆ ತಪ್ಪಲ್ಲ. ಆದರೆ ಅದಾದ ಮೇಲೆಯೇ ಮುಲ್ಕೋವಾಲ್ ನಡೆಯಿತು.

ವಿಚಾರಣೆಗೆ ಮುಂಬಯಿಯ ಮುಖ್ಯ ನ್ಯಾಯಾಧೀಶ ಲಾರೆನ್ಸ್ ಜೆಂಕಿನ್ಸ್ ನೇತೃತ್ವದ ಆಯೋಗ ಬಂತು. ವಿಷ ಬೆರೆತದ್ದು ಹಳ್ಳಿಯಲ್ಲಲ್ಲ, ಸೀಸೆ ಮುಂಬಯಿ ಬಿಡುವ ಮೊದಲೇ ಎಂದು ಅದು ತೀರ್ಮಾನಿಸಿತು. ಕಾರ್ಬಾಲಿಕ್ ಬಿಟ್ಟ ತಪ್ಪು ಹಾಫ್‌ಕಿನ್ ಹೆಗಲೇರಿತು. ಕೆಲಸದಿಂದ ದೂರವಾಗಿ ಅವರು ಲಂಡನ್ನಿನಲ್ಲಿ ಕೂತರು. ಇಕ್ಕಳ ನೆಲಕ್ಕೆ ಬಿದ್ದ ವಿಷಯ ಕಡತದಲ್ಲೇ ಉಳಿಯಿತು. ವರದಿ ಅಚ್ಚಾಗಿ ಬೆಳಕು ಕಂಡದ್ದು 1906ರ ಕೊನೆಯಲ್ಲಿ.

ನನಗೆ ಈ ಕಥೆಯಲ್ಲಿ ಅರಗದಿರುವುದು ಈ ನಾಲ್ಕು ವರ್ಷದ ಮೌನ. ವರದಿ ಹೊರಬಿದ್ದ ಮೇಲೆ ಏನಾಯಿತು ನೋಡಿ. ಮಲೇರಿಯಾಕ್ಕೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಪಟ್ಟು ಹಿಡಿದು ಹೋರಾಡಿದರು. 1907ರ ಜುಲೈನಲ್ಲಿ ಅವರೂ ಇತರ ವಿಜ್ಞಾನಿಗಳೂ ಸಹಿ ಹಾಕಿದ ಪತ್ರ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಬಂತು. ಒಂದೇ ಬ್ಯಾಚಿನ ಉಳಿದ ಸೀಸೆಗಳಲ್ಲಿ ಇಲ್ಲದ ವಿಷ ಇದೊಂದರಲ್ಲಿ ಹೇಗೆ ಬಂತು, ಬಿರಡೆ ತೆಗೆದಾಗ ಸೀಸೆ ನಾತ ಹೊಡೆಯಲಿಲ್ಲ ಏಕೆ, ಬಿದ್ದ ಇಕ್ಕಳವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಏಕೆ ಎಂಬ ಪ್ರಶ್ನೆಗಳಿಗೆ ಸರಕಾರದ ಬಳಿ ಉತ್ತರ ಇರಲಿಲ್ಲ. ವರ್ಷ ಮುಗಿಯುವುದರೊಳಗೆ ಹಾಫ್‌ಕಿನ್ ಮೇಲಿನ ಕಳಂಕ ತೊಳೆದುಹೋಯಿತು. ಅವರು ಭಾರತಕ್ಕೆ ಮರಳಿ ಬಂದರು, ಕೋಲ್ಕತ್ತಕ್ಕೆ. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಟ್ಟರು.

ಹಾಫ್‌ಕಿನ್‌ಗೆ ಮಾನ ಸಿಕ್ಕಿತು, ಪಂಜಾಬಿಗೆ ಕಳೆದ ಕಾಲ ಸಿಗಲಿಲ್ಲ. ಮುಲ್ಕೋವಾಲ್ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹರಡಿ ಲಸಿಕೆಯ ಯೋಜನೆ ಕುಸಿದಿತ್ತು. 1907ರಲ್ಲಿ, ಅಂದರೆ ‘ಟೈಮ್ಸ್’ ಪತ್ರ ಬಂದ ವರ್ಷವೇ, ಭಾರತದಲ್ಲಿ ಪ್ಲೇಗಿಗೆ ಬಲಿಯಾದವರು ಹನ್ನೆರಡು ಲಕ್ಷಕ್ಕೂ ಹೆಚ್ಚು. ಅದರಲ್ಲಿ ಅರ್ಧದಷ್ಟು ಪಂಜಾಬಿನವರು. ಲಸಿಕೆ ನಿಲ್ಲದಿದ್ದರೆ ಅವರೆಲ್ಲ ಉಳಿಯುತ್ತಿದ್ದರು ಎನ್ನಲಾಗದು. ಎಷ್ಟೋ ಜನ ಉಳಿಯುತ್ತಿದ್ದರು ಎಂಬುದಕ್ಕೆ ಹುಬ್ಬಳ್ಳಿ ಸಾಕ್ಷಿ.

2021ರ ಮೇ ತಿಂಗಳನ್ನು ನೆನೆಸಿಕೊಳ್ಳಿ. ಕೋವಿಶೀಲ್ಡಿನ ಎರಡು ಡೋಸುಗಳ ನಡುವೆ ಮೊದಲು 4ರಿಂದ 6 ವಾರ ಅಂದಿದ್ದರು. ಮಾರ್ಚಿನಲ್ಲಿ ಅದು 6ರಿಂದ 8 ಆಯಿತು. ಮೇ 13ರಂದು 12ರಿಂದ 16 ಆಯಿತು. ಅಂತರ ಹೆಚ್ಚಿದರೆ ರಕ್ಷಣೆ ಬಲವಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಆಧಾರ ಇತ್ತು. ಆದರೆ ಅದೇ ಹೊತ್ತಿಗೆ ನಮ್ಮ ಲಸಿಕಾ ಕೇಂದ್ರಗಳ ಮುಂದೆ ‘ಸ್ಟಾಕ್ ಇಲ್ಲ’ ಎಂಬ ಬೋರ್ಡು ನೇತಾಡುತ್ತಿತ್ತು. ಆ ಕೊರತೆಯ ಬಗ್ಗೆ ನೇರವಾಗಿ ಬಾಯಿ ಬಿಡದವರು ವಾರಗಳ ಬಗ್ಗೆ ಹೇಳಿದ್ದನ್ನು ಜನ ಹೇಗೆ ನಂಬಬೇಕಿತ್ತು? ಎರಡೂ ಕಾರಣ ನಿಜವೇ ಇರಬಹುದು. ಒಂದನ್ನು ಮುಚ್ಚಿಟ್ಟರೆ ಇನ್ನೊಂದೂ ಸುಳ್ಳಿನಂತೆ ಕಾಣುತ್ತದೆ.

ಸಲಹೆ ಬದಲಾದರೆ ಜನ ಕೆಡುವುದಿಲ್ಲ. ಎರಡನೆಯ ಚುಚ್ಚು ಬೇಕೆಂದಾಗ ಹುಬ್ಬಳ್ಳಿಯವರು ಹಿಂದೆಗೆಯಲಿಲ್ಲವಲ್ಲ! ನಮ್ಮ ಕಚೇರಿಗಳು ಮಾತ್ರ ಇಂದಿಗೂ ‘ಹಿಂದಿನ ಸುತ್ತೋಲೆಯನ್ನು ಭಾಗಶಃ ಮಾರ್ಪಡಿಸಿ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತವೆ. ನಿನ್ನೆ ಹೀಗಂದಿದ್ದೆವು, ಇಂದು ಹೀಗೇಕೆ ಅನ್ನುತ್ತಿದ್ದೇವೆ ಎಂದು ಅದರ ಕೆಳಗೆ ಇನ್ನೆರಡು ಸಾಲು ಸೇರಿಸಲು ಯಾವ ಆಯೋಗವೂ ಬೇಕಾಗಿಲ್ಲ, ನಾಲ್ಕು ವರ್ಷವಂತೂ ಬೇಡವೇ ಬೇಡ.