ಡ್ಯೂಟಿಯ ಜೊತೆಗೆ ಡಿಗ್ರಿ: ನಮ್ಮ ನರ್ಸ್ ಸೋದರಿಯರಿಗೆ ನಾಲ್ಕು ಮಾತು

"ಹದಿನೈದು ವರ್ಷ ವಾರ್ಡಿನಲ್ಲಿ ದುಡಿದವಳು ನಾನು. ಇನ್ನು ಚಿಕ್ಕ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು ಏನು ಕಲಿಯಲಿ?" ನಮ್ಮ ಸಂಘದ ಕೂಟಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತಿದು. ಊರಿನಲ್ಲಿ ಜನರಲ್ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬಂದವರೂ ಹೀಗೆನ್ನುತ್ತಾರೆ, ಇಲ್ಲಿ ಎನ್‌ರೋಲ್ಡ್ ನರ್ಸ್ ಆಗಿ ದುಡಿಯುತ್ತಿರುವವರೂ ಹೀಗೆನ್ನುತ್ತಾರೆ. ಆದರೆ ಈ ದೇಶದ ನರ್ಸುಗಳೇ ಒಂದು ಕಾಲಕ್ಕೆ ಇದೇ ಸಂಕೋಚವನ್ನು ದಾಟಿ ಕಾಲೇಜಿಗೆ ಹೋದರೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದು.

ಹಿಂದೆ ಆಸ್ಟ್ರೇಲಿಯದಲ್ಲಿ ನರ್ಸಿಂಗ್ ಕಲಿಕೆಯೆಲ್ಲ ಆಸ್ಪತ್ರೆಯಲ್ಲೇ ನಡೆಯುತ್ತಿತ್ತು. ವಾರ್ಡಿನಲ್ಲಿ ಸಂಬಳಕ್ಕೆ ದುಡಿಯುತ್ತಲೇ ಕಲಿತು ಸರ್ಟಿಫಿಕೇಟು ಪಡೆಯುತ್ತಿದ್ದರು. 1984ರಲ್ಲಿ ಕೇಂದ್ರ ಸರ್ಕಾರವು ಈ ಶಿಕ್ಷಣವನ್ನು ಕಾಲೇಜುಗಳಿಗೆ ವರ್ಗಾಯಿಸಲು ಒಪ್ಪಿತು. ನ್ಯೂ ಸೌತ್ ವೇಲ್ಸ್ 1985ರಲ್ಲಿ ಒಂದೇ ಸಲಕ್ಕೆ ಬದಲಾಯಿಸಿತು. ಉಳಿದ ರಾಜ್ಯಗಳಲ್ಲಿ 1993ರವರೆಗೆ ಹಂತಹಂತವಾಗಿ ಆಯಿತು. ಆಗ ಸರ್ಟಿಫಿಕೇಟಿನ ಹಿರಿಯ ನರ್ಸುಗಳು ಸಿಡ್ನಿಯ ಕಂಬರ್‌ಲೆಂಡ್ ಕಾಲೇಜು, ಮೆಲ್ಬರ್ನಿನ ಲಿಂಕನ್ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಗಳಲ್ಲಿ ಮತ್ತೆ ಪುಸ್ತಕ ಹಿಡಿದರು. ಮುಂದೆ ಇವು ಸಿಡ್ನಿ ಮತ್ತು ಲಾ ಟ್ರೋಬ್ ವಿಶ್ವವಿದ್ಯಾಲಯಗಳಲ್ಲಿ ಸೇರಿಹೋದವು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಎನ್‌ರೋಲ್ಡ್ ನರ್ಸಿಗೆ ಎಷ್ಟೇ ಅನುಭವವಿರಲಿ, ಕೆಲಸ ಮಾತ್ರ ರಿಜಿಸ್ಟರ್ಡ್ ನರ್ಸಿನ ಮೇಲ್ವಿಚಾರಣೆಯಲ್ಲೇ. ಆ ಬಾಗಿಲು ತೆರೆಯುವುದು ಪದವಿಯಿಂದ. ಡಿಪ್ಲೊಮಾ ಇದ್ದವರಿಗೆ ಮೂರು ವರ್ಷದ ಕೋರ್ಸಿನಲ್ಲಿ ಸಾಮಾನ್ಯವಾಗಿ ಒಂದು ವರ್ಷದಷ್ಟು ರಿಯಾಯಿತಿ ಸಿಗುತ್ತದೆ. ಊರಿನ ಡಿಪ್ಲೊಮಾದವರು ಮೊದಲು ನರ್ಸಿಂಗ್ ಮಂಡಳಿಯಿಂದ ತಮ್ಮ ಓದಿನ ತುಲನೆ ಮಾಡಿಸಿಕೊಳ್ಳಬೇಕು. ಅದು ಇಲ್ಲಿಯ ಪದವಿಗೆ ಸಮವೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ.

ಹಣದ ವಿಷಯ. 2021ರಿಂದ ನರ್ಸಿಂಗಿನ ಫೀಸು ಇಳಿದಿದೆ. ಪೌರತ್ವ ಪಡೆದವರು ಫೀಸನ್ನು ಸರ್ಕಾರಿ ಸಾಲಕ್ಕೆ ಹಾಕಿ, ವರಮಾನ ಬಂದಂತೆ ತೀರಿಸಬಹುದು. ಬರೀ ಪರ್ಮನೆಂಟ್ ರೆಸಿಡೆನ್ಸಿ ಇದ್ದವರಿಗೆ ರಿಯಾಯಿತಿ ಸೀಟು ಸಿಕ್ಕರೂ ಸಾಮಾನ್ಯವಾಗಿ ಆ ಸಾಲ ಸಿಗದು. ಫೀಸನ್ನು ಮೊದಲೇ ಕಟ್ಟಬೇಕು. ಆದ್ದರಿಂದ ಪೌರತ್ವದ ಅರ್ಜಿಯನ್ನೂ ಕಾಲೇಜಿನ ಅರ್ಜಿಯನ್ನೂ ಒಟ್ಟಿಗಿಟ್ಟು ಯೋಚಿಸುವುದು ಜಾಣತನ.

ನಿಜವಾದ ಕಷ್ಟ ಎರಡು. ಒಂದು, ಪ್ರಬಂಧ ಬರೆಯುವುದು. ನಾವು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು. ಇಲ್ಲಿ ಯಾವ ಮಾತನ್ನು ಎಲ್ಲಿಂದ ತೆಗೆದೆವೆಂದು ಹೇಳದಿದ್ದರೆ ಅದೇ ಅಪರಾಧ. ಕೈಗೆ ಅಭ್ಯಾಸವಾದ ಕೆಲಸಕ್ಕೆ "ಏಕೆ ಹೀಗೆ?" ಎಂದು ಕೇಳಿ ಆಧಾರ ಹುಡುಕಲು ಕಲಿಸುವುದೂ ಇದೇ ಪ್ರಬಂಧ. ಎರಡನೆಯದು, ಪ್ಲೇಸ್‌ಮೆಂಟ್. ರಿಜಿಸ್ಟರ್ಡ್ ನರ್ಸಿನ ಕೋರ್ಸಿನಲ್ಲಿ ಕನಿಷ್ಠ 800 ಗಂಟೆ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಕಲಿಯಬೇಕು. ಆ ವಾರಗಳಲ್ಲಿ ಮಾಮೂಲಿ ಶಿಫ್ಟು ತಪ್ಪಿ ಮನೆಯ ವರಮಾನ ಇಳಿಯುತ್ತದೆ. 2025ರ ಜುಲೈಯಿಂದ ಅರ್ಹರಿಗೆ ಸರ್ಕಾರ ಸ್ವಲ್ಪ ಭತ್ಯೆ ಕೊಡುತ್ತಿದೆ. ವರಮಾನದ ಮಿತಿ ಉಂಟು, ವಿಚಾರಿಸಿಕೊಳ್ಳಿ.

ಇನ್ನು ಮನೆಯ ಗಂಡಸರಿಗೆ ಒಂದು ಮಾತು. ಹೆಂಡತಿ ಓದಲಿ ಎಂದು ಬಾಯಲ್ಲಿ ಹೇಳಿದರೆ ಸಾಲದು. ಪ್ಲೇಸ್‌ಮೆಂಟಿನ ವಾರಗಳಲ್ಲಿ ಅನ್ನ ಸಾರು ಯಾರು ಮಾಡುತ್ತಾರೆ, ಮಕ್ಕಳನ್ನು ಶಾಲೆಯಿಂದ ಯಾರು ಕರೆತರುತ್ತಾರೆ ಎಂಬುದು ಸೇರುವ ಮೊದಲೇ ತೀರ್ಮಾನವಾಗಬೇಕು. ಈಗಾಗಲೇ ಪದವಿ ಮುಗಿಸಿದ ಸೋದರಿಯರು ತಮ್ಮ ಹಳೆಯ ಪುಸ್ತಕವನ್ನೂ, ಒಂದು ಭಾನುವಾರದ ಮಧ್ಯಾಹ್ನವನ್ನೂ ಹೊಸಬರಿಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಸಂಘಸೇವೆ ಬೇರೆ ಬೇಕಿಲ್ಲ.